ಹೂಂಗುಟ್ಟುವವರು ಬೇಕಾಗಿದ್ದಾರೆ

ಮಾತಾಡದೆ ಕೆಲಸ ಮಾಡುವುದು ಸುಲಭ. ಕೆಲಸ ಮಾಡದೆ ಮಾತಾಡುವುದು ಇನ್ನೂ ಸುಲಭ. ಸಾಕ್ಷಿ ಬೇಕಾದವರು ಯಾವ ಕಾಲೇಜಿನ ಸ್ಟಾಫ್ ರೂಮಿಗಾದರೂ ಹೋಗಿ ನೋಡಬಹುದು. ಆದರೆ ಎರಡನ್ನೂ ಒಟ್ಟಿಗೆ ಮಾಡಿ, ಅದೂ ಬಾಗಿಲು ಹಾಕಿದ ಕೋಣೆಯಲ್ಲಿ, ಎದುರಿಗೆ ಒಂದು ನರಪಿಳ್ಳೆಯೂ ಇಲ್ಲದೆ, ಎಂದು ಹೇಳಿ ನೋಡಿ. ಇಡೀ ಪೀರಿಯಡ್ಡನ್ನು ಒಂದು ಚೀಟಿಯ ಚೂರೂ ಇಲ್ಲದೆ ಮುಗಿಸುವ ಘಟಾನುಘಟಿಗಳು ಕೂಡ 'ನಮಸ್ಕಾರ, ಇವತ್ತು ನಾವು...' ಎಂಬಲ್ಲಿಗೆ ನಿಂತು, ಗಂಟಲು ಸರಿಮಾಡಿಕೊಂಡು, ಒಂದು ಗುಟುಕು ನೀರು ಕುಡಿದು, ಮತ್ತೆ 'ನಮಸ್ಕಾರ' ಎನ್ನುತ್ತಾರೆ. ಕಂಪ್ಯೂಟರಿನ ಪರದೆಯ ಮೇಲೆ ನಡೆಯುವುದನ್ನೆಲ್ಲ ವಿಡಿಯೊ ಮಾಡಿಕೊಳ್ಳುತ್ತ, ಜೊತೆಜೊತೆಗೇ ನಮ್ಮ ದನಿಯಲ್ಲಿ ವಿವರಣೆ ಕೊಡುತ್ತ ಪಾಠ ತಯಾರಿಸುವುದೆಂದರೆ ಇದೇ. ಈ ಕೆಲಸದಲ್ಲಿ ಒಂದು ಮೈಕಿಗೆ ಬೀಳುವಷ್ಟು ನಮಸ್ಕಾರ ಚಾಮುಂಡಿ ಬೆಟ್ಟದ ತಾಯಿಗೆ ಬೀಳುವುದು ಆಷಾಢ ಶುಕ್ರವಾರಗಳಲ್ಲಿ ಮಾತ್ರ.

ನಾನು ಮೈಸೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಹೇಳಿಕೊಡುತ್ತೇನೆ. 2020ರಲ್ಲಿ ಶಾಲೆ ಕಾಲೇಜುಗಳಿಗೆ ಬೀಗ ಬಿದ್ದಾಗ ಪಾಠ ಹೇಳುವವರೆಲ್ಲ ರಾತ್ರೋರಾತ್ರಿ ವಿಡಿಯೊದವರಾದೆವು. ಬೀಗ ತೆಗೆದ ಮೇಲೂ ಆ ಚಾಳಿ ನನ್ನಲ್ಲಿ ಉಳಿಯಿತು. ಕಾರಣ ಟ್ಯಾಲಿ ಎಂಬ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ತಂತ್ರಾಂಶ. ಲ್ಯಾಬಿನಲ್ಲಿ ಒಬ್ಬ ಹುಡುಗನಿಗೆ ವೋಚರ್ ಹಾಕುವುದನ್ನು ತೋರಿಸಿ ತಿರುಗುವಷ್ಟರಲ್ಲಿ ಆ ಕಡೆಯಿಂದ ಒಬ್ಬಳು 'ಮ್ಯಾಮ್, ನಂದು ಮಾಯವಾಯ್ತು' ಎನ್ನುತ್ತಾಳೆ. ಅವಳದನ್ನು ಹುಡುಕಿಕೊಡುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಇನ್ನಿಬ್ಬರದು ಮಾಯ. ಒಂದು ಸಲ ಚೆನ್ನಾಗಿ ಪಾಠ ದಾಖಲಿಸಿ ಇಟ್ಟುಬಿಟ್ಟರೆ ಮುಂದೆ ಜನ್ಮವಿಡೀ ಗಂಟಲು ಉಳಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ. ಲೆಕ್ಕಶಾಸ್ತ್ರದವರ ಲೆಕ್ಕಾಚಾರಗಳು ಕಾಗದದ ಮೇಲೆ ಯಾವಾಗಲೂ ತಾಳೆಯಾಗುತ್ತವೆ.

ಸಲಕರಣೆಗೇನೂ ಬರವಿಲ್ಲ. ಪರದೆಯನ್ನು ವಿಡಿಯೊ ಮಾಡಲು ಒಬಿಎಸ್ ಸ್ಟುಡಿಯೊ ಇದೆ. ಕಂಪ್ಯೂಟರಿನಲ್ಲಿ ತಾವು ಆಟ ಆಡುವುದನ್ನು ಲೋಕಕ್ಕೆಲ್ಲ ನೇರ ಪ್ರಸಾರದಲ್ಲಿ ತೋರಿಸುವ ಹುರುಪಿನವರಿಗಾಗಿ 2012ರಲ್ಲಿ ಹುಟ್ಟಿದ್ದು ಅದು; ಈಗ ಡೆಬಿಟ್ಟು ಕ್ರೆಡಿಟ್ಟು ಹೇಳುವವರಿಗೂ ದಕ್ಕಿದೆ. ದನಿ ತಿದ್ದುವುದಕ್ಕೆ ಆಡಾಸಿಟಿ, ಅದು 2000ದಿಂದಲೂ ಪುಕ್ಕಟೆ. ಹಿಂದೆ ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಕಂಪ್ಯೂಟರಿನ ಜೊತೆಗೇ ಬರುತ್ತಿದ್ದ ಸೌಂಡ್ ರೆಕಾರ್ಡರು 60 ಸೆಕೆಂಡು ಆಯಿತೆಂದರೆ ತಾನಾಗಿ ನಿಂತುಬಿಡುತ್ತಿತ್ತು. ಅದನ್ನು ಮಾಡಿದವರು ಯಾವುದೋ ಸಭೆಯಲ್ಲಿ ಅಧ್ಯಕ್ಷರ ಭಾಷಣಕ್ಕೆ ಸಿಕ್ಕಿ ನೊಂದವರಿರಬೇಕು. ಈಗಿನವುಗಳಿಗೆ ಆ ದಾಕ್ಷಿಣ್ಯವಿಲ್ಲ. ಹಾರ್ಡ್ ಡಿಸ್ಕ್ ತುಂಬುವ ತನಕ ನಾವು ಅನ್ನುವ 'ಅಂದ್ರೆ', 'ಏನಪ್ಪಾ ಅಂದ್ರೆ', 'ಸೋ' ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಳ್ಳುತ್ತಲೇ ಇರುತ್ತವೆ.

ಮೊದಲ ತೊಡಕು ಕೈಯದು. ಟ್ಯಾಲಿಯಲ್ಲಿ ಪಳಗಿದ ಕೈ ಮೌಸು ಮುಟ್ಟುವುದಿಲ್ಲ. ಎಫ್4 ಅಂದರೆ ಕಾಂಟ್ರಾ, ಎಫ್5 ಪೇಮೆಂಟು, ಎಫ್6 ರಿಸೀಟು, ಎಫ್7 ಜರ್ನಲ್, ಎಫ್8 ಸೇಲ್ಸು, ಎಫ್9 ಪರ್ಚೇಸು. ಬೆರಳುಗಳು ನನ್ನನ್ನು ಕೇಳದೆಯೇ ಅಲ್ಲಲ್ಲಿಗೆ ಹೋಗಿ ಬರುತ್ತವೆ. ಆದರೆ ವಿಡಿಯೊದಲ್ಲಿ ಬರುವುದು ಪರದೆ ಮಾತ್ರ, ಬೆರಳಲ್ಲ. ನೋಡುವವರಿಗೆ ಒಂದು ಪುಟ ಹೋಗಿ ಇನ್ನೊಂದು ಬಂದದ್ದು ಕಾಣುತ್ತದೆ. ಅದನ್ನು ಕಳಿಸಿದ್ದು ಯಾರು, ಇದನ್ನು ಕರೆದದ್ದು ಯಾರು, ತಿಳಿಯುವುದಿಲ್ಲ. ಕಾಣದ ಬೆರಳಿಗೆ ಬಾಯಿಯಾಗಬೇಕಾದವಳು ನಾನು. 'ಈಗ ಎಫ್5 ಒತ್ತಿ' ಎಂದು ಹೇಳಬೇಕಾದರೆ ನಾನೇನು ಒತ್ತುತ್ತಿದ್ದೇನೆಂದು ನನಗೆ ಗೊತ್ತಿರಬೇಕಷ್ಟೆ? ಆಗ ಬಯಲಾಯಿತು ನೋಡಿ: ಟ್ಯಾಲಿ ಬರುವುದು ನನ್ನ ಬೆರಳಿಗೆ, ನನಗಲ್ಲ. ಅದು ಹೋಗಿ ಕೆಲಸ ಮುಗಿಸಿ ಬಂದ ಮೇಲೆ ನಾನು 'ಎಲ್ಲಿಗೆ ಹೋಗಿದ್ದೆ?' ಎಂದು ವಿಚಾರಿಸಿ, ತಿಳಿದುಕೊಂಡು, ಆಮೇಲೆ ಮಕ್ಕಳಿಗೆ ಹೇಳಬೇಕು. ಅಷ್ಟರಲ್ಲಿ ಅದು ಕಂಟ್ರೋಲ್ ಎ ಒತ್ತಿ ವೋಚರನ್ನು ಸೇರಿಸಿ ಮುಂದಿನ ಖಾಲಿ ವೋಚರಿಗೆ ಕಾದು ಕೂತಿರುತ್ತದೆ.

ಅದಕ್ಕೇ ಬಲ್ಲವರು ಮೊದಲು ಬರೆದುಕೊಳ್ಳಿ ಎನ್ನುತ್ತಾರೆ. ಕಾಗದದ ನಡುವೆ ಒಂದು ಗೆರೆ ಎಳೆದು, ಎಡಗಡೆ ಪರದೆಯಲ್ಲಿ ಆಗುವುದು, ಬಲಗಡೆ ಬಾಯಲ್ಲಿ ಬರುವುದು. ಎರಡು ಕಾಲಂ ಕಂಡರೆ ನಮಗೆ ಎಲ್ಲಿಲ್ಲದ ಪ್ರೀತಿ. ಎಡಕ್ಕೂ ಬಲಕ್ಕೂ ತಾಳೆಯಾಗದೆ ನಿದ್ದೆ ಬಾರದ ಜಾತಿ ನಮ್ಮದು. ಬರೆದೆ. ಆದರೆ ಪೆನ್ನು ಕೈಗೆ ಬಂದ ಕೂಡಲೇ ನಮ್ಮ ಕನ್ನಡ ಮೈಸೂರು ಪೇಟ ಇಟ್ಟುಕೊಂಡುಬಿಡುತ್ತದೆ. 'ಪಾವತಿಯ ವೋಚರನ್ನು ತೆರೆಯುವ ಸಲುವಾಗಿ ಎಫ್5 ಕೀಲಿಯನ್ನು ಒತ್ತತಕ್ಕದ್ದು.' ಇದನ್ನು ಮೈಕಿನ ಮುಂದೆ ಓದಿದೆ. ಬಾಗಿಲಾಚೆಯಿಂದ ನಮ್ಮ ಯಜಮಾನರು, 'ಯಾರದು ಹರಾಜು ನೋಟೀಸು?' ಎಂದು ಕೇಳಿದರು. ಹಾಗೆಂದು ಆಡುಮಾತಿನಲ್ಲಿ ಬರೆದರೆ ಓದುವಾಗ ನಾಟಕದ ಸಂಭಾಷಣೆಯಾಗುತ್ತದೆ. ಬರೆಯದೆ ಮಾತಾಡಿದರೆ ಬೆರಳು ಮುಂದೆ, ಬಾಯಿ ಹಿಂದೆ. ಬರೆದದ್ದರ ಹಾಳೆ ತಿರುಗಿಸಿದರೆ ಅದರ ಸರಬರ ಸದ್ದೂ ಪಾಠದಲ್ಲಿ ಸೇರುತ್ತದೆ. ಆ ಸದ್ದು ಕೇಳಿದ ಮೇಲೆ, ಮೇಡಂ ಓದಿಕೊಂಡು ಹೇಳುತ್ತಿದ್ದಾರೆಂದು ಕೊನೆಯ ಬೆಂಚಿನವನಿಗೂ ಗೊತ್ತಾಗುತ್ತದೆ.

ಇನ್ನು ಮೈಕು. ಇಯರ್‌ಫೋನಿನ ತುದಿಯ ಮೈಕಿನಿಂದ ಮೇಜಿನ ಮೇಲೆ ನಿಲ್ಲುವ ಯುಎಸ್‌ಬಿ ಮೈಕಿಗೆ ಬಡ್ತಿ ಪಡೆದಾಗ ತಿಳಿಯಿತು, ಮೈಕಿಗೂ ಮಹಾಪ್ರಾಣಕ್ಕೂ ಆಗಿಬರುವುದಿಲ್ಲ. 'ಪ' 'ಬ'ಗಳಿಗೆ ತುಟಿ ಮುಚ್ಚಿ ತೆರೆದಾಗ ಬಾಯಿಂದ ಒಂದು ಪುಟ್ಟ ಗಾಳಿ ಹೊರಡುತ್ತದೆ. 'ಫ' 'ಭ' ಎಂದರೆ ಇನ್ನೂ ಜೋರು. ಅದು ನೇರವಾಗಿ ಹೋಗಿ ಮೈಕಿನೊಳಗಿನ ತೆಳು ಹಾಳೆಗೆ ಬಡಿದರೆ 'ಡಬ್' ಎಂದು ಒಂದು ಗುದ್ದು ದಾಖಲಾಗುತ್ತದೆ. ಲೆಕ್ಕಶಾಸ್ತ್ರವೋ ಗುದ್ದುಗಳಿಂದಲೇ ತುಂಬಿದ್ದು: ಲಾಭ, ಭತ್ಯೆ, ಭವಿಷ್ಯನಿಧಿ, ಫಲಿತಾಂಶ, ಪ್ರಾರಂಭದ ಶಿಲ್ಕು. ನಷ್ಟ ಎಂದರೆ ಮೈಕು ತಣ್ಣಗೆ ಕೇಳಿಸಿಕೊಳ್ಳುತ್ತದೆ, ಲಾಭ ಬಂದಾಗ ಮಾತ್ರ ಎದೆ ಗುದ್ದಿಕೊಳ್ಳುತ್ತದೆ. ನಮ್ಮ ಕಡೆ 'ಲಾಬ' ಎನ್ನುವವರನ್ನು ಓದಿದವರು ಆಡಿಕೊಂಡು ನಗುತ್ತಾರಲ್ಲ, ಮೈಕಿನ ಮುಂದೆ ಕೂತರೆ ಗೊತ್ತಾಗುತ್ತದೆ, ಅವರೆಲ್ಲ ಹುಟ್ಟಾ ನಿರೂಪಕರು. ಇದಕ್ಕೆಂದೇ ಮೈಕಿನ ಮುಂದೆ ಇಡುವ ಜಾಲರಿ ಬಟ್ಟೆಯ ಪಾಪ್ ಫಿಲ್ಟರ್ ಸಿಗುತ್ತದೆ. ನಾನು ಕಸೂತಿ ಹಾಕುವ ರಿಂಗಿಗೆ ಒಂದು ಹಳೆಯ ನೈಲಾನ್ ಬಟ್ಟೆ ಬಿಗಿದು ನಿಲ್ಲಿಸಿದೆ. ಅದೂ ಇಲ್ಲದವರು ಮೈಕಿಗೆ ನೇರ ಮುಖ ಕೊಡದೆ ಸ್ವಲ್ಪ ಓರೆಯಾಗಿ ಕೂತು ಮಾತಾಡಿದರೆ ಗಾಳಿ ಪಕ್ಕಕ್ಕೆ ಹೋಗುತ್ತದೆ, ಮಾತು ಮಾತ್ರ ಒಳಗೆ ಬರುತ್ತದೆ. ಗಂಡಹೆಂಡತಿ ಮುನಿಸಿಕೊಂಡಾಗ ಕೂರುವ ಭಂಗಿ ಅದು, ಅಭ್ಯಾಸಕ್ಕೇನೂ ಕಷ್ಟವಾಗುವುದಿಲ್ಲ.

ದಾಖಲಾದದ್ದನ್ನು ಕೇಳುವ ಘಟ್ಟ ಬರುತ್ತದೆ. ಆಗ ಎಲ್ಲರೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ: ಇದು ಯಾರ ದನಿ? ನಾವು ಮಾತಾಡುವಾಗ ನಮ್ಮ ದನಿ ನಮಗೆ ಎರಡು ದಾರಿಯಲ್ಲಿ ಬರುತ್ತದೆಯಂತೆ, ಗಾಳಿಯಲ್ಲಿ ಕಿವಿಗೆ ಬರುವುದೊಂದು, ತಲೆಯ ಮೂಳೆಗಳ ಮೂಲಕ ಒಳಗಿಂದಲೇ ಬರುವುದೊಂದು. ಮೂಳೆಯ ದಾರಿ ತಗ್ಗಿನ ಸ್ವರಗಳನ್ನು ಧಾರಾಳವಾಗಿ ಹೊತ್ತು ತರುವುದರಿಂದ ನಮ್ಮ ದನಿ ನಮಗೆ ತುಂಬಿಕೊಂಡು, ಗಂಭೀರವಾಗಿ ಕೇಳಿಸುತ್ತದೆ. ಮೈಕಿಗೆ ಸಿಗುವುದು ಗಾಳಿಯ ಪಾಲು ಮಾತ್ರ. ಅಂದರೆ ನನ್ನ ಗಾಂಭೀರ್ಯವೆಲ್ಲ ನನ್ನ ತಲೆಬುರುಡೆಯೊಳಗೇ ಇದೆ, ಹೊರಗಿನವರಿಗೆ ತಲುಪುತ್ತಿರುವುದು ಈ ಕೀರಲು. 'ನನ್ನ ದನಿ ನಿಜವಾಗ್ಲೂ ಹೀಗಾ ಇರೋದು?' ಎಂದು ಯಜಮಾನರನ್ನು ಕೇಳಿದೆ. ಅವರು ಹೆಡ್‌ಫೋನ್ ಹಾಕಿಕೊಂಡು ಗಮನವಿಟ್ಟು ಕೇಳಿ, 'ಇಲ್ಲಪ್ಪ, ಇದರಲ್ಲಿ ಸ್ವಲ್ಪ ಮೆತ್ತಗಿದೆ' ಎಂದರು.

ಮನೆಯಲ್ಲೇ ಕೂತು ಊರಿಗೆಲ್ಲ ದನಿ ಕೇಳಿಸುವ ಹುಚ್ಚು ಮೈಸೂರಿಗೆ ಹೊಸದಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ಬಾನುಲಿ ಕೇಂದ್ರ ನಡೆಸಿ, ಅದನ್ನು 'ಆಕಾಶವಾಣಿ' ಎಂದು ಕರೆದರು. ಭೌತಶಾಸ್ತ್ರದವರು ಸುಮ್ಮನಿರುವಾಗ ಮನಶ್ಶಾಸ್ತ್ರದವರು ಇದಕ್ಕೆ ಕೈಹಾಕಿದ್ದರಲ್ಲಿ ಏನೋ ಅರ್ಥವಿದೆ; ಮನೆಯಲ್ಲಿ ಕೂತು ಮೈಕಿನ ಮುಂದೆ ಮಾತಾಡುವವರಿಗೆ ಕೊನೆಗೆ ಬೇಕಾಗುವ ಶಾಸ್ತ್ರ ಅದೇ. ಅವರ ಕಾಲದ ಬೀದಿಯಲ್ಲಿ ಧ್ವನಿವರ್ಧಕ ಕಟ್ಟಿಕೊಂಡ ತರಕಾರಿ ಗಾಡಿ ಇರಲಿಲ್ಲ. ನಮ್ಮ ಬೀದಿಯಲ್ಲಿ ಬೆಳಕು ಹರಿಯುವ ಮೊದಲು ಸುಪ್ರಭಾತ, ಆಮೇಲೆ ಹಾಡಿಕೊಂಡು ಬರುವ ಕಸದ ಗಾಡಿ, ಅದರ ಹಿಂದೆ ಸೊಪ್ಪಿನವಳು, ಎಂಟಕ್ಕೆ ಎಡಬಲದ ಮನೆಗಳ ಕುಕ್ಕರುಗಳ ಜುಗಲ್‌ಬಂದಿ, ಹತ್ತಕ್ಕೆ ತರಕಾರಿ ಗಾಡಿ. ಆ ಗಾಡಿಯವನದೂ ದಾಖಲಿಸಿದ ದನಿಯೇ. 'ಬನ್ನಿ ಅಕ್ಕ, ಬನ್ನಿ ಅಮ್ಮ, ನಾಟಿ ಟೊಮೆಟೊ' ಎಂದು ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಾನೆ. ಎಲ್ಲೂ ತೊದಲಿಲ್ಲ, 'ಅಂದ್ರೆ' ಇಲ್ಲ, ಗಂಟಲು ಸರಿಮಾಡಿಕೊಂಡದ್ದಿಲ್ಲ. ನನ್ನ ಪಾಠದ ಹಿನ್ನೆಲೆಯಲ್ಲಿ ಬಂದ ಅವನ ದನಿಯೇ ನನ್ನದಕ್ಕಿಂತ ಸ್ಪಷ್ಟವಾಗಿತ್ತು. ಅವನಿಗೆ ಯಾರ ಜೊತೆ ಮಾತಾಡುತ್ತಿದ್ದೇನೆಂದು ಗೊತ್ತಿದೆ, ಅಷ್ಟೇ ವ್ಯತ್ಯಾಸ ಎಂದು ಆಗ ನನಗೆ ಹೊಳೆಯಲಿಲ್ಲ. ಒಳ್ಳೆಯ ಮೈಕು ಇಟ್ಟಿರಬೇಕು ಅಂದುಕೊಂಡೆ.

ಆಡಾಸಿಟಿಯಲ್ಲಿ ಸದ್ದು ತೆಗೆಯುವ ಉಪಾಯವೊಂದಿದೆ. ಮಾತಿಲ್ಲದ ಒಂದೆರಡು ಸೆಕೆಂಡಿನ ತುಣುಕನ್ನು ಆರಿಸಿ 'ನೋಡಿಕೋ, ಈ ಸದ್ದು ನನಗೆ ಬೇಡ' ಎಂದು ಗುರುತು ಹಿಡಿಸಿದರೆ, ಇಡೀ ದಾಖಲೆಯಿಂದ ಅದನ್ನು ತಗ್ಗಿಸಿಕೊಡುತ್ತದೆ. ಫ್ಯಾನಿನ ಗುಂಯ್‌ಗುಟ್ಟುವಿಕೆ, ಕಂಪ್ಯೂಟರಿನ ಏದುಸಿರು, ಹೀಗೆ ಒಂದೇ ಸಮ ಇರುವ ಸದ್ದುಗಳ ಮೇಲೆ ಅದರ ಆಟ ನಡೆಯುತ್ತದೆ. ಎದ್ದು ಬಿದ್ದು ಬರುವ ಕುಕ್ಕರಿನ ಕೂಗು, ಕೋಗಿಲೆ, ಪಕ್ಕದ ಮನೆಯವರ ಬೋರ್‌ವೆಲ್ ಇವುಗಳ ಮುಂದೆ ಕೈ ಚೆಲ್ಲುತ್ತದೆ. ದುರಾಸೆಯಿಂದ ಪೂರ್ತಿ ತೆಗೆಯಲು ಹೊರಟರೆ ನಮ್ಮ ದನಿಯನ್ನೂ ಕೆರೆದು ತೆಗೆದು, ನೀರಿನೊಳಗಿಂದ ಮಾತಾಡಿದಂತೆ ಮಾಡಿಬಿಡುತ್ತದೆ. ಇಷ್ಟೆಲ್ಲ ಯಾಕೆಂದರೆ ಕಣ್ಣಿಗಿಂತ ಕಿವಿ ಬಲು ಖಡಕ್ಕು. ಪರದೆಯ ಪಾಠಕ್ಕೆ ಸೆಕೆಂಡಿಗೆ 15 ಚಿತ್ರ ಕೊಟ್ಟರೂ ಕಣ್ಣು ತಕರಾರಿಲ್ಲದೆ ನೋಡಿಕೊಂಡು ಹೋಗುತ್ತದೆ. ದನಿಯನ್ನು ಮಾತ್ರ ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುವುದು ವಾಡಿಕೆ. ಇಷ್ಟು ಅಳೆದು ಕೊಟ್ಟ ಮೇಲೂ ಕಿವಿ ಹೇಳುವುದೇನು? 'ಹಿಂದೆ ಯಾರೋ ಒಗ್ಗರಣೆ ಹಾಕಿದರು.'

ಪರದೆಯಾದರೂ ಸುಮ್ಮನಿರುತ್ತದೆಯೇ? ಅದು ನಮ್ಮನ್ನು ಬಿಟ್ಟುಕೊಡುವುದರಲ್ಲಿ ನೆಂಟರಿಗಿಂತ ಮುಂದು. ಜಿಎಸ್‌ಟಿ ಜಾಲತಾಣ ತೋರಿಸೋಣವೆಂದು ವಿಳಾಸದ ಪಟ್ಟಿಯಲ್ಲಿ ಒಂದು ಅಕ್ಷರ ಒತ್ತಿದರೆ, ನಮ್ಮ ಹಳೆಯ ಹುಡುಕಾಟಗಳೆಲ್ಲ ಸಾಲಾಗಿ ಇಳಿಯುತ್ತವೆ: ಕೂದಲು ಉದುರುವುದಕ್ಕೆ ಮನೆಮದ್ದು, ಚಿನ್ನದ ಇಂದಿನ ಬೆಲೆ, ಪ್ರಿನ್ಸಿಪಾಲರಿಗೆ ನಿವೃತ್ತಿ ವಯಸ್ಸು ಎಷ್ಟು. ಡಿಪ್ರಿಸಿಯೇಷನ್ ವಿವರಿಸುವ ಗಂಭೀರ ಗಳಿಗೆಯಲ್ಲಿ ಮೂಲೆಯಿಂದ ಒಂದು ಸಂದೇಶ ಜಾರಿಕೊಂಡು ಬಂದು 'ಸಂಜೆ ಬರ್ತಾ ಅರ್ಧ ಲೀಟರ್ ಮೊಸರು' ಎಂದು ಹೇಳಿ ಹೋಗುತ್ತದೆ. ಮೌಸಿನ ಬಾಣವಂತೂ ಮಾತಾಡುವವರ ಮನಸ್ಸಿನ ಕನ್ನಡಿ. ನಾಲಿಗೆ ತಡವರಿಸಿದಾಗ ಅದು ಪರದೆಯ ಮೇಲೆ ಗಿರಗಿರನೆ ಸುತ್ತುತ್ತದೆ, ಮಾತು ನೆನಪಾದ ಕೂಡಲೇ ನಿಲ್ಲುತ್ತದೆ. ಮಕ್ಕಳು ಮೇಡಂ ಹೇಳುವುದನ್ನು ಬಿಟ್ಟು ಬಾಣದ ಪ್ರದಕ್ಷಿಣೆಯನ್ನೇ ಎಣಿಸುತ್ತ ಕೂರುತ್ತಾರೆ.

ಇವೆಲ್ಲ ಉಪಾಯದಿಂದ ನೀಗುವ ಕಷ್ಟಗಳು. ಸಂದೇಶಗಳ ಬಾಯಿ ಮುಚ್ಚಿಸಬಹುದು, ಫ್ಯಾನು ಆರಿಸಬಹುದು, ಕುಕ್ಕರು ಇಳಿದ ಮೇಲೆ ಕೂರಬಹುದು. ಎಲ್ಲ ಆಗಿ, ಗದ್ದಲವಿಲ್ಲದ ನಡುರಾತ್ರಿಯಲ್ಲಿ, ಒಂದೂ ತಪ್ಪಿಲ್ಲದೆ ದಾಖಲಿಸಿದ ಪಾಠವನ್ನು ಮರುದಿನ ಕೇಳಿದರೆ ನನಗೇ ನಿದ್ದೆ ಬಂತು. ಹೇಳಬೇಕಾದ್ದೆಲ್ಲ ಇತ್ತು. ಯಾರಿಗೆ ಹೇಳುತ್ತಿದ್ದೇನೆ ಎಂಬುದು ಮಾತ್ರ ಇರಲಿಲ್ಲ.

ನಮ್ಮಲ್ಲಿ ಕಥೆ ಹೇಳುವ ಯಾವ ಅಜ್ಜಿಯೂ ಹೂಂಗುಟ್ಟುವ ಮೊಮ್ಮಗನಿಲ್ಲದೆ ಕಥೆ ಶುರು ಮಾಡಿದವಳಲ್ಲ. 'ಒಂದೂರಲ್ಲಿ ಒಬ್ಬ ರಾಜ ಇದ್ನಂತೆ.' 'ಹೂಂ.' 'ಅವನಿಗೆ ಏಳು ಜನ ಹೆಂಡಿರಂತೆ.' 'ಹೂಂ.' ಹೂಂ ಸಣ್ಣದಾದರೆ ಮಗುವಿಗೆ ನಿದ್ದೆ ಬರುತ್ತಿದೆ, ರಾಜನ ಬೇಟೆಯನ್ನು ಮೊಟಕು ಮಾಡಬೇಕು. ಹೂಂ ಜೋರಾದರೆ ರಾಕ್ಷಸನ ಗುಹೆಗೆ ಇನ್ನೊಂದು ಬಾಗಿಲು ಸೇರಿಸಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ಫೋನಿನಲ್ಲಿ ಕೂಡ ಎರಡು ವಾಕ್ಯಕ್ಕೆ ಆ ಕಡೆಯಿಂದ ಹೂಂ ಬರದಿದ್ದರೆ 'ಹಲೋ, ಇದ್ದೀರಾ?' ಎನ್ನುವ ಜನ ನಾವು. ಇಂಥ ನಮ್ಮನ್ನು ಮೈಕಿನ ಮುಂದೆ ಕೂರಿಸಿದರೆ, ಅದು ಸೆಕೆಂಡಿಗೆ 44,100 ಸಲ ಕೇಳಿಸಿಕೊಳ್ಳುತ್ತದೆ, ಒಂದು ಸಲವಾದರೂ ಹೂಂ ಅನ್ನುವುದಿಲ್ಲ.

ಈ ದೃಷ್ಟಿಯಿಂದ ನೋಡತೊಡಗಿದ ಮೇಲೆ ಈ ವಿದ್ಯೆಯ ದೊಡ್ಡವರೆಲ್ಲ ಮೊದಲು ಒಬ್ಬ ಹೂಂಗುಟ್ಟುವವರನ್ನು ಗೊತ್ತುಮಾಡಿಕೊಂಡೇ ಬಾಯಿ ತೆರೆದರೆಂದು ನನಗೆ ಅನ್ನಿಸಿಬಿಟ್ಟಿದೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಎಂಬ ಎಂಜಿನಿಯರು ಸುಮಾರು ಒಂದು ಸಾವಿರ ಜನರ ಮುಂದೆ, ತಲೆಗೆ ಸಿಕ್ಕಿಸಿದ ಮೈಕಿನಲ್ಲಿ ಮಾತಾಡುತ್ತ, ಕಂಪ್ಯೂಟರಿನ ಪರದೆಯನ್ನು ದೊಡ್ಡದು ಮಾಡಿ ತೋರಿಸುತ್ತ 90 ನಿಮಿಷ ಪಾಠ ಮಾಡಿದರು. ಜನ ಮೌಸನ್ನು ಮೊದಲು ಕಂಡದ್ದು ಅಲ್ಲೇ. ಅಷ್ಟು ದೊಡ್ಡ ಯಂತ್ರದಲ್ಲಿ ಅವರು ತೋರಿಸಿದ್ದರಲ್ಲಿ ಮನೆಗೆ ಕೊಳ್ಳಬೇಕಾದ ಸಾಮಾನಿನ ಪಟ್ಟಿಯೂ ಒಂದು. ದಿನಸಿಯ ಚೀಟಿಯ ಹಿರಿಮೆ ಅವರಿಗೂ ಗೊತ್ತಿತ್ತು. ಆದರೆ ನನ್ನ ಗಮನ ಹೋದದ್ದು ಬೇರೆಡೆಗೆ. ಅವರು ಒಬ್ಬರೇ ಮಾತಾಡಲಿಲ್ಲ. ಸುಮಾರು 50 ಕಿಲೋಮೀಟರು ದೂರದ ಮೆನ್ಲೊ ಪಾರ್ಕಿನಲ್ಲಿ ಕೂತ ಸಹೋದ್ಯೋಗಿಗಳು ಅದೇ ಪರದೆಯ ಮೂಲೆಯಲ್ಲಿ ಕಾಣಿಸಿಕೊಂಡು, ಅವರೊಡನೆ ಮಾತಿಗೆ ಮಾತು ಕೂಡಿಸಿದರು. ಸಾವಿರ ಜನ ಎದುರಿಗಿದ್ದರೂ ಹೂಂ ಅನ್ನುವವರೊಬ್ಬರು ಬೇರೆಯೇ ಬೇಕು.

ಸಲ್ಮಾನ್ ಖಾನ್ ಅವರ ಕಥೆ ಇನ್ನೂ ಚೆನ್ನಾಗಿದೆ. ಸಿನಿಮಾದವರಲ್ಲ, ಖಾನ್ ಅಕಾಡೆಮಿಯವರು. 2004ರಲ್ಲಿ ದೂರದೂರಿನಲ್ಲಿದ್ದ ಚಿಕ್ಕ ಹುಡುಗಿ, ವರಸೆಯಲ್ಲಿ ತಂಗಿಯಾದ ನಾದಿಯಾಗೆ ಫೋನಿನಲ್ಲಿ ಗಣಿತ ಹೇಳಿಕೊಡಲು ಕೂತರು. ತಂಗಿ ಚುರುಕಾದದ್ದು ಕಂಡು ಉಳಿದ ಬಂಧುಗಳೂ ಮಕ್ಕಳನ್ನು ತಂದು ಬಿಟ್ಟರು. ಪುಕ್ಕಟೆ ಟ್ಯೂಷನ್ನಿನ ವಾಸನೆ ಹಿಡಿಯುವುದರಲ್ಲಿ ಬಂಧುಗಳು ಅಮೆರಿಕದಲ್ಲೂ ಒಂದೇ. ಎಲ್ಲರಿಗೂ ಸಮಯ ಹೊಂದಿಸಲಾರದೆ 2006ರಲ್ಲಿ ಪಾಠಗಳನ್ನು ಯೂಟ್ಯೂಬಿಗೆ ಹಾಕತೊಡಗಿದರು. ಮುಖವಿಲ್ಲ, ಸೂಟು ಬೂಟಿಲ್ಲ; ಕಪ್ಪು ಪರದೆ, ಅದರ ಮೇಲೆ ಬಣ್ಣದ ಕೈಬರಹ, ಪಕ್ಕದಲ್ಲೇ ಕೂತು ಮಾತಾಡುವ ಒಂದು ದನಿ. ಅಣ್ಣ ಎದುರಿಗೆ ಬರುವುದಕ್ಕಿಂತ ಯೂಟ್ಯೂಬಿನಲ್ಲಿ ಬರುವುದೇ ವಾಸಿ ಎಂದು ಆ ಮಕ್ಕಳಿಗೆ ಅನ್ನಿಸಿತೆಂದು ಅವರೇ ಸಭೆಯಲ್ಲಿ ಹೇಳಿಕೊಂಡಿದ್ದಾರೆ. ಬೇಕೆಂದಾಗ ನಿಲ್ಲಿಸಬಹುದಾದ ಬಂಧು ಯಾರಿಗೆ ಬೇಡ? ಆ ಪಾಠಗಳನ್ನು ಈಗ ಯಾವ ದೇಶದ ಮಗು ಕೇಳಿದರೂ, ಮಾತು ಮಾತ್ರ ಮನೆಯ ಹುಡುಗಿಗೆ ಹೇಳಿದ್ದೇ.

ನಮ್ಮ ದೇಶದಲ್ಲಿ ಐಐಟಿ ಬಾಂಬೆಯ ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ ಅವರ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಇದನ್ನೇ ಒಂದು ಕಟ್ಟಳೆ ಮಾಡಿತು. ಒಂದೊಂದು ಪಾಠವೂ ಸುಮಾರು 10 ನಿಮಿಷ, ಕಂಪ್ಯೂಟರಿನ ಪರದೆ ಮತ್ತು ದನಿ ಅಷ್ಟೇ. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ದನಿ ಬದಲಾಗುತ್ತದೆ, ಪರದೆ ಅದೇ ಇರುತ್ತದೆ. ನಾನು ಮೆಚ್ಚಿದ್ದು ಅವರ ಇನ್ನೊಂದು ನಿಯಮವನ್ನು. ಬರೆದ ಪಾಠವನ್ನು ದಾಖಲಿಸುವ ಮೊದಲು, ಆ ವಿಷಯದ ಗಂಧವೇ ಇಲ್ಲದ ಹೊಸಬರೊಬ್ಬರ ಕೈಗೆ ಕೊಟ್ಟು, ಅವರಿಗೆ ಅರ್ಥವಾಗುತ್ತದೆಯೇ ಎಂದು ನೋಡುತ್ತಾರೆ. ಪಂಡಿತರ ಒಪ್ಪಿಗೆ ಸಾಲದು, ಏನೂ ಗೊತ್ತಿಲ್ಲದವರ ಹೂಂ ಬೇಕು.

ಇದಕ್ಕಿಂತ ಹಳೆಯ ಮಾದರಿ ನಮ್ಮ ಗಮಕದಲ್ಲೇ ಇದೆ. ಶಿವಮೊಗ್ಗದ ಹೊಸಹಳ್ಳಿಯಂಥ ಊರುಗಳಲ್ಲಿ ಕುಮಾರವ್ಯಾಸನನ್ನು ಕೇಳಿದವರಿಗೆ ಗೊತ್ತು, ಗಮಕಿಗಳು ಪದ್ಯ ಹಾಡಿ ನಿಲ್ಲಿಸುತ್ತಾರೆ, ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳುತ್ತಾರೆ. ಒಬ್ಬರ ಮೇಲೊಬ್ಬರು ಬೀಳುವುದಿಲ್ಲ. ಪರದೆಯ ಪಾಠದಲ್ಲಿ ಬೆರಳೇ ಗಮಕಿ, ನಾಲಿಗೆಯೇ ವ್ಯಾಖ್ಯಾನಕಾರ. ಇಬ್ಬರೂ ಒಟ್ಟಿಗೆ ಬಾಯಿ ತೆರೆದಾಗಲೇ ಗೊಂದಲ. ಮಾಡು, ನಿಲ್ಲಿಸು, ಹೇಳು, ಆಮೇಲೆ ಮುಂದಿನದು ಮಾಡು ಎಂಬ ಪಾಠವನ್ನು ನಾನು ಅಲ್ಲಿಂದಲೇ ಎತ್ತಿಕೊಂಡೆ. ಜೊತೆಗೆ ಇನ್ನೊಂದನ್ನೂ ಗಮನಿಸಿದೆ. ಅರ್ಥ ಹೇಳುವಷ್ಟು ಹೊತ್ತೂ ಪಕ್ಕದಲ್ಲಿ ಕೂತ ಗಮಕಿಗಳು ತಲೆದೂಗುತ್ತಿರುತ್ತಾರೆ. ಸಭೆ ಖಾಲಿಯಿದ್ದರೂ ಒಬ್ಬ ಕೇಳುಗ ಖಾತ್ರಿ.

ನನಗೆ ತಲೆದೂಗುವವರು ಯಾರು? ಯಜಮಾನರು ಮದುವೆಯಾದಾಗಿನಿಂದ ಹೂಂ ಅನ್ನುತ್ತಲೇ ಬಂದಿರುವುದರಿಂದ ಅವರ ಹೂಂಗೆ ಬೆಲೆ ಉಳಿದಿಲ್ಲ. ಮಗನಿಗೆ ಟ್ಯಾಲಿ ಆಗಲೇ ಬರುತ್ತದೆ. ಉಳಿದವರು ನಮ್ಮ ಅತ್ತೆ. ನಂಜನಗೂಡಿನ ಕಡೆಯ ಹಳ್ಳಿಗಳಲ್ಲಿ ಸರ್ವೀಸು ಪೂರ್ತಿ ಒಂದನೇ ಕ್ಲಾಸಿಗೆ ಪಾಠ ಹೇಳಿ ನಿವೃತ್ತರಾದವರು.

'ಅತ್ತೆ, ಸ್ವಲ್ಪ ಇಲ್ಲಿ ಕೂತ್ಕೋತೀರಾ? ನಾನು ಹೇಳ್ತಾ ಹೋಗ್ತೀನಿ, ನೀವು ಹೂಂ ಅನ್ನಿ ಸಾಕು. ಗಟ್ಟಿಯಾಗಿ ಬೇಡ, ತಲೆ ಆಡಿಸಿ.'

'ಅರ್ಥ ಆಗದಿದ್ರೂ ಆಡಿಸ್ಬೇಕೇನಮ್ಮ?'

'ಇಲ್ಲ ಅತ್ತೆ, ಅರ್ಥ ಆದ್ರೆ ಮಾತ್ರ.'

'ಹಾಗಾದ್ರೆ ಬೆನ್ನಿಗೊಂದು ದಿಂಬು ಕೊಡು. ಬಹಳ ಹೊತ್ತಾಗತ್ತೆ.'

ನಿಜವಾಗಿಯೂ ಬಹಳ ಹೊತ್ತಾಯಿತು. ಎಫ್5 ಒತ್ತಿದೆ, ಅತ್ತೆಯ ತಲೆ ಅಲ್ಲಾಡಲಿಲ್ಲ. 'ಅದೆಲ್ಲಿದೆ?' ಎಂದರು. ಕೀಬೋರ್ಡಿನ ಮೇಲಿನ ಸಾಲು ತೋರಿಸಿದೆ. 'ಅದನ್ನ ಹೇಳ್ಬೇಕು ತಾನೇ?' ಹೇಳಿದೆ. 'ಬಾಡಿಗೆ ಕೊಟ್ಟಿದ್ದು ಅಂದ್ಯಲ್ಲ, ಯಾರಿಗೆ, ಯಾವ ತಿಂಗಳದು?' ಅದನ್ನೂ ಸೇರಿಸಿದೆ. ಕೊನೆಗೆ ಕಂಟ್ರೋಲ್ ಎ ಒತ್ತಿದಾಗ ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ, 'ಅಯ್ಯೋ, ಬರೆದಿದ್ದೆಲ್ಲ ಹೋಯ್ತಲ್ಲೇ!' ಎಂದು ಗಾಬರಿಯಿಂದ ಕೂಗಿಬಿಟ್ಟರು. ನಾನು ಬೆರಳೆತ್ತಿ ನಿಂತುಬಿಟ್ಟೆ. ಲ್ಯಾಬಿನಲ್ಲಿ ದಿನ ಬೆಳಗಾದರೆ ಕೇಳುವ 'ನಂದು ಮಾಯವಾಯ್ತು' ಇದೇ ಅಲ್ಲವೇ? ವೋಚರ್ ಒಳಗೆ ಸೇರಿ ಎದುರಿಗೆ ಹೊಸದೊಂದು ಖಾಲಿ ವೋಚರ್ ಬಂದು ನಿಲ್ಲುವುದನ್ನು ಮಕ್ಕಳು ಕಳುವಾಯಿತೆಂದು ತಿಳಿಯುತ್ತಿದ್ದರು. 'ಗಾಬರಿಯಾಗಬೇಡಿ, ಹೋಗಿಲ್ಲ. ಒಳಗೆ ಸೇರಿದೆ. ಅನುಮಾನವಿದ್ದರೆ ಡೇ ಬುಕ್ ತೆರೆದು ನೋಡೋಣ ಬನ್ನಿ' ಎಂದು ಮೈಕಿಗೆ ಹೇಳಿದೆ. ಅತ್ತೆ ತೃಪ್ತಿಯಿಂದ ತಲೆ ಆಡಿಸಿದರು. ಆ ಪಾಠ ನೋಡಿಕೊಂಡು ಬಂದ ಮಕ್ಕಳಿಂದ 'ಮಾಯವಾಯ್ತು' ಎಂಬ ದೂರುಗಳು ಕಡಿಮೆಯಾದವು. ಜೊತೆಗೆ 'ಮ್ಯಾಮ್, ಹಿಂದೆ ಅಯ್ಯೋ ಅಂದವರು ಯಾರು? ನಮಗೂ ಅದೇ ಡೌಟಿತ್ತು' ಎಂದು ಕೇಳಿದರು.

ಅಲ್ಲಿಂದ ಅತ್ತೆಯ ಹೂಂ ಸಿಗದೆ ನಮ್ಮ ಮನೆಯಿಂದ ಯಾವ ಪಾಠವೂ ಹೊರಗೆ ಹೋಗುವುದಿಲ್ಲ. ಧಾರಾವಾಹಿಯ ಹೊತ್ತಿನಲ್ಲಿ ಚಿತ್ರೀಕರಣವಿಲ್ಲ. ಕಾಫಿ ನಿರ್ಮಾಪಕರ ಖರ್ಚು.

ಈ ಸಹವಾಸದಿಂದ ಅವರಿಗೂ ಹುರುಪು ಹತ್ತಿತು. ನಿವೃತ್ತ ಶಿಕ್ಷಕಿಯರ ಗುಂಪಿನಲ್ಲಿ, ಪಿಂಚಣಿ ಬಂತೋ ಇಲ್ಲವೋ ಎಂದು ಮೊಬೈಲಿನಲ್ಲೇ ನೋಡುವುದು ಹೇಗೆಂದು ಯಾರೋ ಕೇಳಿದರಂತೆ. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದ ಈಚೆಗೆ ಪರದೆ ದಾಖಲಿಸುವ ಗುಂಡಿ ಮೊಬೈಲಿನಲ್ಲೇ ಇರುತ್ತದೆ. ಮೈಕಿನ ದನಿಯೂ ಬೇಕೇ ಎಂದು ಅದೇ ಕೇಳುತ್ತದೆ. 'ನಾನು ಹೇಳ್ತೀನಿ, ನೀನು ಹೂಂ ಅನ್ನು' ಎಂದು ಅತ್ತೆ ನನ್ನನ್ನು ದಿಂಬಿನ ಕುರ್ಚಿಗೆ ಕೂರಿಸಿದರು. ಏನು ಹೇಳಲಿ! ಗಂಟಲು ಸರಿಮಾಡಿಕೊಳ್ಳಲಿಲ್ಲ, ಎರಡನೇ ನಮಸ್ಕಾರ ಹೇಳಲಿಲ್ಲ. ಗೆಳತಿಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದು, ಕನ್ನಡಕ ಹಾಕಿಕೊಳ್ಳಲು ಹೇಳಿ, ಗುಟ್ಟಿನ ಅಂಕಿ ಬಂದಾಗ 'ಇದನ್ನ ನಾನೂ ಹೇಳಲ್ಲ, ನೀವೂ ಯಾರಿಗೂ ಹೇಳ್ಬೇಡಿ' ಎಂದು ಎಚ್ಚರಿಸಿ, ಎಲ್ಲಿ ಒತ್ತಬೇಕು, ಏನು ಬರುತ್ತದೆ, ಬರದಿದ್ದರೆ ಏನು ಮಾಡಬೇಕು ಎಲ್ಲ ಹೇಳಿದರು. ಕೊನೆಯಲ್ಲಿ 'ಇಗೋ ನೋಡಿ, ಈ ತಿಂಗಳ ಪಿಂಚಣಿ ಇಷ್ಟು, ಮೊದಲಿದ್ದದ್ದು ಇಷ್ಟು, ಎಲ್ಲಾ ಸೇರಿ ಇಷ್ಟಾಯ್ತು' ಎಂದು ರೂಪಾಯಿ ಪೈಸೆ ಸಮೇತ ಗಟ್ಟಿಯಾಗಿ ಓದಿ ನನ್ನ ಕಡೆ ನೋಡಿದರು. ಲೆಕ್ಕ ಸರಿಯಾಗಿತ್ತು. ನಾನು ಹೂಂ ಎಂದೆ.

ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅದನ್ನು ಗುಂಪಿಗೆ ಕಳಿಸಿಯೂ ಆಗಿತ್ತು. ತೆರೆದು ನೋಡಿದರೆ ಮೊದಲಿಂದ ಕೊನೆಯವರೆಗೆ ಪರದೆ ಕಪ್ಪು. ಗಿರಾಕಿಯ ಗುಟ್ಟು ಹೊರಗೆ ಹೋಗಬಾರದೆಂದು ಅನೇಕ ಬ್ಯಾಂಕುಗಳ ಆ್ಯಪುಗಳು ಪರದೆಯ ದಾಖಲೆಗೆ ಅವಕಾಶ ಕೊಡುವುದಿಲ್ಲ. ಕಣ್ಣಿಗೆ ಬೀಗ ಹಾಕಿಟ್ಟಿದ್ದರು. ಅತ್ತೆಯ ದನಿ ಮಾತ್ರ ಒಂದಕ್ಷರ ಮುಕ್ಕಾಗದೆ ಬಂದಿತ್ತು. ಸಂಜೆಯೊಳಗೆ ಫೋನಿನ ಮೇಲೆ ಫೋನು. ಚಿತ್ರ ಬರದಿದ್ದರೂ ಪಾಠ ಪೂರ್ತಿ ತಿಳಿಯಿತೆಂದು ಎಲ್ಲರೂ ಹೊಗಳಿದರು. ಒಬ್ಬರಿಗಂತೂ ಎಷ್ಟು ಚೆನ್ನಾಗಿ ತಿಳಿದಿತ್ತೆಂದರೆ, ಮೊಮ್ಮಗನ ಫೀಸಿಗೆಂದು ಕೈಸಾಲ ಕೇಳಿದರು. ಎಲ್ಲವನ್ನೂ ಅಲ್ಲ, ಅತ್ತೆಗೆ ತಿಂಗಳ ಖರ್ಚಿಗೆ ಆಗುವಷ್ಟನ್ನು ಬಿಟ್ಟು, ಮಿಕ್ಕದ್ದನ್ನು ಮಾತ್ರ, ಪೈಸೆ ಸಮೇತ.